ಮಿಸ್ರಿಯನ್ನು ವಾಪಸ್ ಕಳಿಸುವುದಿಲ್ಲ

ಬಸವಕಲ್ಯಾಣ
20 ನವೆಂಬರ್ 2024, ಬುಧವಾರ

ಮುದ್ದಿನ ಸಮ್ರೀನಳಿಗೆ,

ಅಮ್ಮಿಯ ದುವಾಗಳು. ನೀನು ಚೆನ್ನಾಗಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ನಾನು ಚೆನ್ನಾಗಿಲ್ಲ. ಮೈಗೇನೂ ಆಗಿಲ್ಲ; ಸೋಮವಾರ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಹುಮನಾಬಾದಿನ ನಿನ್ನ ಅಡುಗೆಮನೆಯಲ್ಲಿ ಫೋನ್ ಎಂದರೆ ಸ್ಪೀಕರ್. ನಾನು ಆಡಿದ ಮಾತಿಗೆ ನಿನಗಿಂತ ಮೊದಲು ನಿನ್ನ ನಾದಿನಿ ಉತ್ತರ ಕೊಡುತ್ತಾಳೆ. ಮೂವತ್ತೊಂದು ವರ್ಷ ಹುಡುಗಿಯರಿಗೆ ಕನ್ನಡ ಕಲಿಸಿದವಳಿಗೆ ಸಿಟ್ಟನ್ನು ಕಾಗದದ ಮೇಲೆ ಇಳಿಸುವುದೇ ಸಲೀಸು.

ಸೋಮವಾರ ಸಂಜೆ ನಿನ್ನ ಗಂಡ ಸೋಹೇಲ ಫೋನ್ ಮಾಡಿದ್ದ. ಬಹಳ ಅದಬಿನಿಂದ, ಮರ್ಯಾದೆಯಿಂದ ಮಾತಾಡಿದ. ಅದೇ ಹೆಚ್ಚು ಚುಚ್ಚಿತು. "ಅಮ್ಮೀ, ಬೆಕ್ಕಿನ ಸಲುವಾಗಿ ನಿಮಗ ಭಾಳ ತಕಲೀಫ್ ಆಗ್ಲಾಕತ್ತದಂತ ಕೇಳಿದೆ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೀನ್ರಿ, ಒಂದು ಚೀಲದಾಗ ಹಾಕ್ಕೊಂಡು ಹೋಗ್ತೀನಿ" ಎಂದ. ಎಲ್ಲಿಗೆ ಎಂದು ಕೇಳಿದೆ. "ಹಳ್ಳಿಖೇಡ ಕಡೆ ಕಬ್ಬಿನ ಹೊಲದಾಗ ಬಿಡ್ತೀನ್ರಿ. ಅಲ್ಲಿ ಇಲಿ ಬೇಕಾದಷ್ಟು ಅವ. ಆರಾಮ ಇರ್ತದ."

ಆರಾಮ! ಒಂಬತ್ತು ವರ್ಷ ಅವನ ತಾಯಿಯ ಮಂಚದ ಮೇಲೆ ಮಲಗಿದ ಬೆಕ್ಕು ಅದು. ಹಜಿರಾ ಬೀಯ ನೋಯುವ ಕಾಲುಗಳ ಮೇಲೆ ಮಲಗಿ ಚಳಿಗಾಲವೆಲ್ಲ ಬೆಚ್ಚಗಿಟ್ಟದ್ದು ಅದು, ಮಗನಲ್ಲ. ಜೀವಮಾನದಲ್ಲಿ ಒಂದು ಇಲಿ ಹಿಡಿದದ್ದನ್ನು ಯಾರೂ ಕಂಡಿಲ್ಲ. ಅದನ್ನು ಕಟಾವಿನ ಕಾಲದಲ್ಲಿ, ಹಗಲೂ ರಾತ್ರಿ ಟ್ರ್ಯಾಕ್ಟರ್ ಓಡುವ ಹೊಲದಲ್ಲಿ ಚೀಲದಿಂದ ಸುರಿಯುತ್ತಾನಂತೆ. ನಮ್ಮ ಕಡೆಯ ಜನ ಒಲ್ಲದ ಬೆಕ್ಕನ್ನು ಹೀಗೆ ಮೂರು ಹಳ್ಳಿ ದಾಟಿಸುತ್ತಲೇ ಬಂದಿದ್ದಾರೆ, ಅದಕ್ಕೆ "ಬಿಟ್ಟು ಬರೋದು" ಎಂಬ ಮೆತ್ತಗಿನ ಹೆಸರೂ ಇದೆ. ನನ್ನ ಚಿಕ್ಕಪ್ಪ ಮೋರಖಂಡಿ ದಾರಿಯಲ್ಲಿ ಬಿಟ್ಟು ಬಂದ ಕರಿ ಬೆಕ್ಕು ನನಗಿನ್ನೂ ನೆನಪಿದೆ. ಆಗ ನನಗೆ ಎಂಟು ವರ್ಷ. ಅದು ತಿರುಗಿ ಬರಲಿಲ್ಲ. ಅದು ಎಲ್ಲಿ ಸತ್ತಿತು ಎಂದು ಕೇಳಿದ್ದಕ್ಕೆ ನನಗೆ ಏಟು ಬಿತ್ತು. ಈಗ ನನಗೆ ಅರವತ್ತಮೂರು. ಹೊಡೆಯುವವರು ಯಾರೂ ಇಲ್ಲ, ಆದ್ದರಿಂದ ಕೇಳುತ್ತಿದ್ದೇನೆ.

ಮೊದಲಿನಿಂದಲೇ ಹೇಳುತ್ತೇನೆ, ಏಕೆಂದರೆ ನಿನ್ನ ಮನೆಯಲ್ಲಿ ಈ ಕಥೆ ಬೇರೆ ರೀತಿಯಲ್ಲಿ ಓಡಾಡುತ್ತಿದೆ.

ಅಕ್ಟೋಬರ್ 28ರಂದು, ನಿನ್ನ ಅತ್ತೆ ತೀರಿಕೊಂಡು ನಲವತ್ತು ದಿನ ತುಂಬುವ ಮುನ್ನಾದಿನ, ನಿಮ್ಮ ಓಣಿಯ ಮಹೆಬೂಬ ತನ್ನ ಟಂಟಂ ಆಟೋದಲ್ಲಿ ಒಂದು ಬಿಸ್ಕತ್ತಿನ ರಟ್ಟಿನ ಡಬ್ಬ ತಂದ. "ಟೀಚರ್, ಸೋಹೇಲ ಭಾಯಿ ಕೊಟ್ಟಾರ. ಒಳಗ ಜೀವ ಅದ, ಮೆಲ್ಲಗ ಇಳಸ್ಕೋರಿ" ಎಂದ. ಇಡೀ ವ್ಯವಹಾರದಲ್ಲಿ ಮನುಷ್ಯನ ಹಾಗೆ ಮಾತಾಡಿದವನು ಅವನೊಬ್ಬನೇ. ನಲವತ್ತನೆಯ ದಿನಕ್ಕೆ ನೆಂಟರು ಬರುತ್ತಾರೆ, ಹೊಸದಾಗಿ ಸುಣ್ಣ ಹೊಡೆಸಿದ್ದೇವೆ, ಕೂದಲು ಬೀಳುತ್ತದೆ ಎಂದು ಬೆಕ್ಕನ್ನು ಮನೆಯಿಂದ ಆಚೆ ಹಾಕಿದಿರಿ. ಮುಂಚೆ ಒಂದು ಮಾತು ಕೇಳಲಿಲ್ಲ. ಅದರ ಹೆಸರು ಮಿಸ್ರಿ ಎಂಬುದನ್ನೂ ನಾನೇ ಫೋನ್ ಮಾಡಿ ನಿನ್ನಿಂದ ತಿಳಿಯಬೇಕಾಯಿತು.

ಇನ್ನು ನನ್ನ ತಪ್ಪು. ಅದನ್ನು ನಾನೇ ಹೇಳುತ್ತೇನೆ, ಪಕ್ಕದ ಮನೆಯ ರಹೀಮಾಳ ಬಾಯಿಂದ ನೀನು ಕೇಳಿದ್ದು ಸಾಕು.

ನಮ್ಮ ಮನೆತನದ ರಿವಾಜು ನಿನಗೆ ಗೊತ್ತು. ಹೊಸ ಸೊಸೆ ಬಂದ ದಿನ ಹೆಂಗಸರೆಲ್ಲ ಒಂದೇ ದೊಡ್ಡ ತಾಟಿನ ಸುತ್ತ ಕುಳಿತು ಉಣ್ಣುತ್ತೇವೆ. ಒಂದೇ ತಾಟಿನಲ್ಲಿ ಉಂಡವರು ಮತ್ತೆ ಬೇರೆಯವರಾಗುವುದಿಲ್ಲ ಎಂಬ ನಂಬಿಕೆ. ಮನೆಯಲ್ಲಿ ನಮ್ಮ ಮಾಸ್ತರ ಇದ್ದಾನಲ್ಲ, ನನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮೇಲೆ ಮಲಗುತ್ತಿದ್ದ ಮರಿ, ಈಗ ಹನ್ನೊಂದು ವರ್ಷದ ಗಂಡು ಬೆಕ್ಕು. ರಹೀಮಾ ಗೋಡೆಯ ಮೇಲಿಂದ ಬಗ್ಗಿ, "ಎರಡಕ್ಕೂ ಒಂದೇ ತಾಟ್ನಾಗ ಹಾಕ್ರಿ ಆಪಾ, ಮೊಹಬ್ಬತ್ ಬೆಳೀತದ" ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕೋಳಿಯ ಕಲೀಜಾ ಬೇಯಿಸಿ, ತಣಿಸಿ, ಮಾಸ್ತರ ದಿನಾ ಉಣ್ಣುವ ತಾಟಿನಲ್ಲೇ ಹಾಕಿ, ಅವನ ಜಾಗದಲ್ಲೇ ಇಟ್ಟು, ಡಬ್ಬದ ಬಾಯಿ ಬಿಚ್ಚಿದೆ.

ಸಮ್ರೀನ್, ಹಾಗೆ ಕೂಗಾಡಿದ್ದನ್ನು ನಾನು ನಗರಸಭೆ ಚುನಾವಣೆಯಲ್ಲೂ ಕೇಳಿಲ್ಲ. ಮಿಸ್ರಿ ಡಬ್ಬದಿಂದ ಹಾರಿದ್ದೇ ಮಾಸ್ತರನ ಮುಖದ ಎದುರಿಗೆ. ಅವನು ಅವಳ ಬೆನ್ನಿಗೆ ಬಾಯಿ ಹಾಕಿದ, ಅವಳು ಅವನ ಎಡ ಕಿವಿಯನ್ನು ಅಂಚಿನಿಂದ ಸೀಳಿದಳು. ತಾಟು ಉರುಳಿತು. ನಿನ್ನ ಅಬ್ಬಾ ಬಿಡಿಸಲು ಹೋಗಿ ಮುಂಗೈ ಪರಚಿಸಿಕೊಂಡು, "ನಿನ್ನ ಮೊಹಬ್ಬತ್ತಿಗೆ ಟಿಂಚರ್ ಎಲ್ಲದ?" ಎಂದು ಕೇಳಿದರು. ಮಿಸ್ರಿ ನಿನ್ನ ಹಳೆಯ ಕೋಣೆಗೆ ಓಡಿ ಟ್ರಂಕಿನ ಹಿಂದೆ ಸೇರಿಕೊಂಡಳು. ಮಾಸ್ತರ ಅಲ್ಮಾರಿಯ ಮೇಲೆ ಏರಿ ಎರಡು ದಿನ ಇಳಿಯಲಿಲ್ಲ, ಉಣ್ಣಲಿಲ್ಲ. ಮೂರನೆಯ ದಿನ ಇಳಿದು ಬಂದು ನನ್ನ ನಿಘಂಟಿನ ಮೇಲೆ ಉಚ್ಚೆ ಹೊಯ್ದು ಮತ್ತೆ ಮೇಲೆ ಹೋದ. ಅವನ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಹನ್ನೊಂದು ವರ್ಷ ಅವನದೆಂದು ಹೇಳಿದ ತಾಟನ್ನು ಒಂದು ಮಾತೂ ಕೇಳದೆ ಇನ್ನೊಬ್ಬರ ಮುಂದೆ ಇಟ್ಟಿದ್ದೆ.

ಅವನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಔಷಧ ಹಚ್ಚುವ ಸಿದ್ದಪ್ಪ ಕಿವಿ ತೊಳೆಯುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ, "ಟೀಚರ್, ಸಿಟ್ಟಿಗೇಳಬ್ಯಾಡ್ರಿ. ಸಂತ್ಯಾಗಿಂದ ಎಮ್ಮಿ ತಂದ್ರ ಹದಿನೈದು ದಿನ ಬ್ಯಾರೆ ಕಟ್ತಾರ. ನೀವು ಬೆಕ್ಕಿಗೆ ಹದಿನೈದು ನಿಮಿಷ ಕೊಡಲಿಲ್ಲ" ಎಂದ. ನನಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ಬರುವ ಸಿಟ್ಟು ಅದು. "ಅವಕ್ಕ ಮೊದಲು ಮೂಗಿನಿಂದ ಗುರುತಾಗಬೇಕ್ರಿ, ಕಣ್ಣಿನಿಂದ ಅಲ್ಲ. ಇವನ ಅರಿವಿ ಅಕೀಗಿ ಕೊಡ್ರಿ, ಅಕೀದು ಇವಂಗ. ನಡುವ ಬಾಗ್ಲಾ ಹಾಕಿ ಇಬ್ರಿಗೂ ಉಣಸ್ರಿ. ದಿನಾ ತಾಟು ಒಂದೊಂದು ಗೇಣು ಬಾಗ್ಲಾ ಕಡೀಗಿ ಸರಸ್ರಿ. ಯಾರರೆ ಗುರ್ ಅಂದ್ರ ಮತ್ತ ಹಿಂದಕ್ಕ ಒಯ್ರಿ." ಎಷ್ಟು ದಿನ ಎಂದೆ. "ಅವ್ರ ಮರ್ಜಿ" ಎಂದ.

ಅವನು ಹೇಳಿದಂತೆಯೇ ಮಾಡಿದೆ. ಮಿಸ್ರಿಗೆ ನಿನ್ನ ಕೋಣೆ, ಅವಳದೇ ಬೇರೆ ತಾಟು, ಅವಳದೇ ಮಣ್ಣಿನ ಬುಟ್ಟಿ. ಅವಳ ಮೈವಾಸನೆಯ ಬಟ್ಟೆ ಬೇಕಿತ್ತು. ನಿನಗೆ ಫೋನ್ ಮಾಡಿ ನಿನ್ನ ಅತ್ತೆಯ ಹಳೆಯ ಶಾಲು ಕಳಿಸು ಎಂದರೆ ನೀನು, "ಎಲ್ಲಾ ಹಂಚಿಬಿಟ್ಟಾರ ಅಮ್ಮೀ, ಒಂದೂ ಇಟ್ಟಿಲ್ಲ" ಎಂದೆ. ಅಂದು ನಿನ್ನ ಮೇಲೂ ಸಿಟ್ಟಾದೆ. ಆ ಮನೆಗೆ ಹೋಗಿ ನನ್ನ ಮಗಳು ಕಲ್ಲಾದಳು ಎಂದುಕೊಂಡೆ. ಆಮೇಲೆ ರಟ್ಟಿನ ಡಬ್ಬವನ್ನು ಕಸಕ್ಕೆ ಹಾಕಲು ಎತ್ತಿದಾಗ, ತಳದಲ್ಲಿ ಹಾಸಿದ ಪೇಪರಿನ ಕೆಳಗೆ ಮಡಚಿಟ್ಟ ಬಿಳಿ ಓಢಣಿ ಸಿಕ್ಕಿತು. ಅಂಚಿಗೆ ಹಜಿರಾ ಬೀ ಕೈಯಾರೆ ಹೊಲಿದ ಲೇಸು. ಹಂಚುವವರ ಕೈಗೆ ಸಿಗದಂತೆ ಅದನ್ನು ಯಾರು ಅಡಗಿಸಿಟ್ಟರು, ಯಾರಿಗೂ ಕಾಣದಂತೆ ಪೇಪರಿನ ಕೆಳಗೆ ಯಾರು ಇಟ್ಟರು ಎಂದು ನಾನು ಕೇಳುವುದಿಲ್ಲ. ಅದರಲ್ಲಿ ಅರ್ಧ ಹರಿದು ಮಾಸ್ತರನ ಹಾಸಿಗೆಗೆ ಹಾಕಿದೆ, ಅರ್ಧ ಮಿಸ್ರಿಗೆ ಬಿಟ್ಟೆ. ಮಿಸ್ರಿ ಅದರ ಮೇಲೆ ಮುಖವಿಟ್ಟು ಅಂದೇ ಮೊದಲ ಬಾರಿ ನಿದ್ದೆ ಮಾಡಿದಳು. ಅದನ್ನು ನೋಡಿ ನಾನು ಬಾಗಿಲಲ್ಲೇ ಕುಳಿತುಬಿಟ್ಟೆ. ಅವಳು ನಲವತ್ತು ದಿನ ಹುಡುಕಿದ್ದು ಅದನ್ನೇ.

ದೀಪಾವಳಿಯ ಪಟಾಕಿಗೆ ಎರಡು ದಿನ ಹಿಂದೆ ಬಿದ್ದೆವು. ಇಬ್ಬರೂ ಅವರವರ ಮೂಲೆ ಬಿಡಲಿಲ್ಲ. ಆಮೇಲೆ ತಾಟುಗಳು ಗೇಣು ಗೇಣಾಗಿ ಸರಿದವು. ಹತ್ತನೆಯ ದಿನ ಬಾಗಿಲಿನ ಆಚೆ ಈಚೆ ಎರಡೂ ಉಂಡವು. ಮಾಸ್ತರ ಬಾಗಿಲ ಕೆಳಗೆ ಕೈ ಹಾಕಿ ನೋಡಿದ, ಆಚೆಯಿಂದ ಒಂದು ಏಟು ಬಿತ್ತು, ಕೈ ತೆಗೆದ. ಉಗುರು ಇರಲಿಲ್ಲ ಎಂದು ನಿನ್ನ ಅಬ್ಬಾ ಸಾಕ್ಷಿ ಹೇಳಿದರು. ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಸಂಜೆಯೆಲ್ಲ ಕೂತಿರುತ್ತಾರೆ; ನಿಮ್ಮ ಚಸ್ಮಾ ಅಂಗಡಿಗೆ ಹೋಗಿ ಎಂದರೆ, "ಅಲ್ಲೇನು ಇಷ್ಟು ಮಜಾ ಅದ?" ಎನ್ನುತ್ತಾರೆ. ಹದಿನೈದನೆಯ ದಿನ ಕಿಟಕಿಯ ಹಳೆಯ ತಂತಿ ಜಾಳಿಗೆಯನ್ನು ಬಾಗಿಲಿಗೆ ಕಟ್ಟಿದೆವು. ಮುಖ ನೋಡಿದವು. ಗುರ್ ಅಂದವು. ಹಿಂದಕ್ಕೆ ಸರಿಸಿದೆವು. ಮತ್ತೆ ಮುಂದೆ ಬಂದೆವು.

ಸೋಹೇಲನ ಫೋನು ಬಂದದ್ದು ಇಂಥ ಹೊತ್ತಿನಲ್ಲಿ. ರಹೀಮಾ ಅವನಿಗೆ ಚಿಕ್ಕಮ್ಮನ ಮಗಳಾಗಬೇಕು; ಮೊದಲ ದಿನದ ಜಗಳವನ್ನು ಅವಳು ಮೂರು ವಾರ ಬಿಟ್ಟು, ನಿನ್ನೆ ನಡೆದಂತೆ ಹೇಳಿದ್ದಾಳೆ. ಅವನು ವಿಚಾರಿಸಬೇಕಿತ್ತು. "ಅಮ್ಮೀ, ಮಿಸ್ರಿ ಹ್ಯಾಂಗ ಅದಾಳ?" ಎಂಬ ನಾಲ್ಕು ಶಬ್ದ ಅವನ ಬಾಯಿಂದ ಬರಬೇಕಿತ್ತು. ಬದಲಿಗೆ, "ಜಾನವರ್ ಅದ್ರಿ, ಮರೀತದ" ಎಂದ. ಯಾರು ಮರೆಯುತ್ತಾರೆ? ತಾಯಿ ಹೋಗಿ ಎರಡು ತಿಂಗಳಾಯಿತು, ಅವಳು ಒಂಬತ್ತು ವರ್ಷ ತೋಳಿನಲ್ಲಿಟ್ಟುಕೊಂಡದ್ದನ್ನು ಚೀಲಕ್ಕೆ ಹಾಕುವ ಮಾತನ್ನು ಮಗ ನನಗೆ ಉಪಕಾರದ ಹಾಗೆ ಹೇಳುತ್ತಾನೆ. ಮರೆಯುವ ವಿದ್ಯೆ ಬೆಕ್ಕಿಗೆ ಯಾರೂ ಕಲಿಸಿಲ್ಲ.

ನಾನೂ ನಿನ್ನ ಅತ್ತೆಯ ಗೆಳತಿಯೇನಲ್ಲ, ಅದು ನಿನಗೆ ಗೊತ್ತು. ನಿನ್ನ ಮದುವೆಯಲ್ಲಿ ಹೆಂಗಸರ ತಾಟು ಸಿದ್ಧವಾದಾಗ ಆಕೆ ಬೀಗಿತಿಯೆಂದು ನನ್ನನ್ನು ಕೈ ಹಿಡಿದು ಕರೆದಳು, "ಬರ್ರಿ ಸಮಧನ್, ಕೂಡೇ ಉಣ್ಣೋಣು" ಎಂದು. ನಮ್ಮ ಬಸವಕಲ್ಯಾಣದ ಕಡೆಯವರನ್ನು ಎರಡು ತಾಸು ಕಾಯಿಸಿದ್ದರು. ನನಗೆ ಹಸಿವಿಲ್ಲ ಎಂದು ಮುಖ ತಿರುಗಿಸಿದೆ. ಏಳು ವರ್ಷ ನಾವು ಸಲಾಮಿಗೆ ಸಲಾಮು ಹೇಳಿಕೊಂಡು ಇದ್ದೆವು. ಹಾಗಾಗಿ ಅವಳ ಪ್ರೀತಿಗಾಗಿ ಬೆಕ್ಕನ್ನು ಇಟ್ಟುಕೊಂಡಿದ್ದೇನೆಂದು ಯಾರೂ ಹೇಳುವ ಹಾಗಿಲ್ಲ.

ಈಗ ನಿನ್ನೆಯ ಸುದ್ದಿ. ಸಂಜೆ ಜಾಳಿಗೆಯನ್ನು ತೆಗೆದೆ. ಎರಡು ತಾಟು, ನಡುವೆ ಮೂರು ಮೊಳ. ಮಾಸ್ತರ ತನ್ನದನ್ನು ಉಂಡ, ಮುಖ ಒರೆಸಿಕೊಂಡ, ಎದ್ದು ನಿನ್ನ ಕೋಣೆಯೊಳಗೆ ನಡೆದ. ನಿನ್ನ ಅಬ್ಬಾ ಟವೆಲ್ ಹಿಡಿದು ಸಿದ್ಧರಾಗಿದ್ದರು. ಅವನು ಟ್ರಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಓಢಣಿಯನ್ನು ಮೂಸಿದ. ಮಿಸ್ರಿ ಅಲುಗಲಿಲ್ಲ. ಅವನು ಅವಳ ಮೂಗಿಗೆ ಮೂಗು ತಾಗಿಸಿ, ಒಂದು ಸಲ ಉಸ್ ಎಂದು, ಕಿಟಕಿಯ ಕಟ್ಟೆಗೆ ಹಾರಿ ಬೆನ್ನು ತಿರುಗಿಸಿ ಕೂತ. ಅರ್ಧ ತಾಸಿನ ಮೇಲೆ ಇಬ್ಬರೂ ನಿದ್ದೆ. ಸಿದ್ದಪ್ಪನಿಗೆ ಹೇಳಿದೆ. "ದೋಸ್ತಿ ಆಗೋದೇನೂ ಬ್ಯಾಡ್ರಿ ಟೀಚರ್. ಒಬ್ಬರಿಗೊಬ್ರು ಬೆನ್ನು ತೋರ್ಸಿ ಮಲಗಿದ್ರ, ಅಂಜಿಕಿ ಹೋಯ್ತಂತ ತಿಳ್ಕೋರಿ" ಎಂದ.

ಆದ್ದರಿಂದ ಶುಕ್ರವಾರದ ಮಾತು ರದ್ದು. ಸೋಹೇಲ ಬರಲಿ, ಊಟ ಮಾಡಲಿ, ಅಳಿಯನಿಗೆ ಈ ಮನೆಯಲ್ಲಿ ಎಂದೂ ಕಡಿಮೆ ಮಾಡಿಲ್ಲ. ಚೀಲ ತರಬಾರದು. ತಂದರೆ ನಾನು ಬಾಗಿಲಲ್ಲೇ ಕಸಿದುಕೊಳ್ಳುತ್ತೇನೆ, ರಹೀಮಾ ಗೋಡೆಯ ಮೇಲಿಂದ ನೋಡಿದರೂ ಸರಿಯೇ. ಅವನಿಗೆ ಮನಸ್ಸಾದರೆ ಆ ಕೋಣೆಯಲ್ಲಿ ನೆಲದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ. ಮಿಸ್ರಿ ಅವನ ಗುರುತು ಹಿಡಿಯುತ್ತಾಳೆ. ಆಮೇಲೆ ಕಬ್ಬಿನ ಹೊಲದ ಮಾತನ್ನು ಅವಳ ಮುಂದೆ ಹೇಳಿ ನೋಡಲಿ.

ನೀನೂ ಬಾ. ಆ ಮನೆಯಲ್ಲಿ ಎಲ್ಲವನ್ನೂ ಪೇಪರಿನ ಕೆಳಗೆ ಅಡಗಿಸಿ ಮಾಡಬೇಡ, ಒಂದೊಂದು ಸಲ ಬಾಯಿ ಬಿಟ್ಟು ಹೇಳು. ಏನಾಗುತ್ತದೆ ನೋಡೋಣ.

ಸಿಟ್ಟು ಇಳಿಯದ,
ನಿನ್ನ ಅಮ್ಮಿ
ದಿಲ್ಶಾದ್ ಬೇಗಂ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಮೊಹರಂ ಮುಗಿದ ವಾರ ಹಜಿರಾ ಬೀ ನನಗೆ ಫೋನ್ ಮಾಡಿದ್ದಳು. ಏಳು ವರ್ಷದಲ್ಲಿ ತಾನಾಗಿ ಮಾಡಿದ್ದು ಅದೊಂದೇ ಸಲ. "ಸಮಧನ್, ನಾ ಹೋದ ಮ್ಯಾಲ ನನ್ನ ಮಿಸ್ರೀನ ಇಟ್ಕೋತೀರೇನ್ರಿ? ಮಕ್ಕಳ ಕೈಲೆ ಆಗಾಂಗಿಲ್ಲ" ಎಂದು ಕೇಳಿದಳು. ಹೆಸರನ್ನು ನಾನು ನಿನ್ನಿಂದ ತಿಳಿದೆ ಎಂದು ಮೇಲೆ ಬರೆದದ್ದು ಸುಳ್ಳು; ಗೊತ್ತಿದ್ದೂ ನಿನ್ನನ್ನು ಕೇಳಿದ್ದೆ. "ನಮ್ಮನ್ಯಾಗ ಒಂದು ಬೆಕ್ಕು ಅದ್ರಿ" ಎಂದೆ. ಆಕೆ, "ಹೌದಲ್ರಿ, ಅದೂ ಖರೇನ" ಎಂದಳು. ನಮ್ಮ ಬೆಕ್ಕಿನ ವಯಸ್ಸೆಷ್ಟು ಎಂದು ಕೇಳಿದಳು, ಹೇಳಿದೆ. ಫೋನ್ ಇಟ್ಟಳು. ಅದಾದ ಮೇಲೆ ಆಕೆ ಒಂಬತ್ತು ವಾರ ಬದುಕಿದ್ದಳು. ಯಾವ ದಿನವಾದರೂ ನಾನು ತಿರುಗಿ ಫೋನ್ ಮಾಡಬಹುದಿತ್ತು.