ವೆಂಡಲ್‌ಗೆ ಸೇರದ ಕೆಂಪು ದೀಪ

ಪಿಕ್ವಾ, ಒಹಾಯೊ
9 ಅಕ್ಟೋಬರ್ 1996

ಪ್ರೀತಿಯ ತಮ್ಮ ವೆಂಡಲ್‌ಗೆ,

ನಿನ್ನ ಮೊಣಕಾಲು ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಬೇಡ ಎಂದಿದ್ದರಂತೆ. ನೀನು ಕೇಳಿರುವುದಿಲ್ಲ, ನನಗೆ ಗೊತ್ತು. ಒರೆಗಾನ್‌ನಲ್ಲಿ ಮಳೆ ಹಿಡಿದಿರಬೇಕು. ಇಲ್ಲಿ ಅಪ್ಪ ಗಟ್ಟಿಯಾಗಿದ್ದಾರೆ. ಎಂಬತ್ತೆರಡಾದರೂ ಬೆಳಗ್ಗೆ ಎರಡು ಮೊಟ್ಟೆ, ಜೊತೆಗೆ ಬೇಕನ್ ಬೇಕೇ ಬೇಕು. ಡಾಕ್ಟರ ಮಾತೆತ್ತಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ.

ಹೋದ ವಾರ ನಿನಗೊಂದು ಪೆಟ್ಟಿಗೆ ಬಂದಿರಬೇಕು. ಬಿಚ್ಚಿ ನೋಡಿ ಬೆಪ್ಪಾಗಿರುತ್ತೀಯ. ಅದರ ಕಥೆ ಹೇಳುತ್ತೇನೆ. ನೀನು ಊರು ಬಿಟ್ಟ ಮೇಲೆ ಅಪ್ಪನಿಗೆ ಹಿಡಿದ ಹುಚ್ಚು ಎಷ್ಟೆಂದು ನಿನಗೆ ಅಂದಾಜಿಲ್ಲ. ಫೈರ್ ಇಂಜಿನ್, ಆಂಬುಲೆನ್ಸ್, ಪೊಲೀಸ್ ಕಾರುಗಳ ನೆತ್ತಿಯ ಮೇಲೆ ತಿರುಗುತ್ತಿದ್ದ ಹಳೆಯ ದೀಪಗಳು ನೆಲಮಾಳಿಗೆಯಲ್ಲಿ ಅರವತ್ತೊಂದಿವೆ. ಹನ್ನೊಂದು ವರ್ಷದಿಂದ ಹಳೆ ಸಾಮಾನಿನ ಪ್ರತಿ ಸಂತೆಗೂ ಅವರನ್ನು ವ್ಯಾನಿನಲ್ಲಿ ಕರೆದೊಯ್ಯುವವಳು ನಾನು. ಮೋಟಾರು ಬಿಚ್ಚುವವಳು, ವೈರು ಬೆಸೆಯುವವಳು ನಾನು. ನೀನು ಕ್ರಿಸ್ಮಸ್‌ಗೆ ಬಂದಾಗ ಒಂದನ್ನು ತಿರುಗಿಸಿ, “ಚೆನ್ನಾಗಿದೆ ಕಣಪ್ಪಾ” ಎಂದರೆ ಸಾಕು, ಅಪ್ಪ ಆ ಮಾತನ್ನು ಈಸ್ಟರ್‌ವರೆಗೂ ಎಲ್ಲರಿಗೂ ಹೇಳುತ್ತಾರೆ.

ಆಗಸ್ಟ್‌ನ ಸಂತೆಯಲ್ಲಿ ಒಬ್ಬ ಮುದುಕನ ಮೇಜಿನ ಮೇಲೆ ನಾಲ್ಕು ಬಲ್ಬಿನ ಕೆಂಪು ದೀಪವೊಂದಿತ್ತು. ಅಪ್ಪ ಅದನ್ನು ಮಗುಚಿ ತಳ ನೋಡಿದವರು ಅಲ್ಲೇ ಕುಳಿತುಬಿಟ್ಟರು. ಅಲ್ಲಿ ಅವರೇ ಹಿಂದೆ ಮೊಳೆಯಿಂದ ಗೀಚಿದ್ದ ಅವರ ಹೆಸರಿತ್ತು. 1958ರಲ್ಲಿ, ಫೈರ್ ಸ್ಟೇಷನ್ ಕೆಲಸದಲ್ಲಿ, ಅವರು ಮೊದಲು ಓಡಿಸಿದ ಫೈರ್ ಇಂಜಿನ್ನಿನ ದೀಪ ಅದು. ತಮ್ಮ ಮೂರು ಒಳ್ಳೆಯ ದೀಪಗಳನ್ನು ಕೊಟ್ಟು ಅದನ್ನು ತಂದರು. ಒಳಗಿನ ಹಲ್ಲಿನ ಚಕ್ರ ಸವೆದಿತ್ತು. ಅಂಥದ್ದೇ ಇನ್ನೊಂದಕ್ಕಾಗಿ ನಾನು ಹದಿನಾಲ್ಕು ಜನಕ್ಕೆ ಫೋನ್ ಮಾಡಿದೆ. ಮಂಕಾದ ಕೆಂಪು ಮುಚ್ಚಳಕ್ಕೆ ಟೂತ್‌ಪೇಸ್ಟ್ ಹಚ್ಚಿ ಮೂರು ವಾರ ಉಜ್ಜಿದೆ. ಒಂದು ಮಧ್ಯಾಹ್ನ ಅದು ತಿರುಗಿತು, ಗೋಡೆಯೆಲ್ಲ ಕೆಂಪಾಯಿತು. ನನಗೆ ಅಳು ಬಂತು. ಅಪ್ಪ ಬೆನ್ನು ತಟ್ಟಿ, “ಒಳ್ಳೇ ಕೆಲಸ ಮಾಡಿದೆ ಮಗಳೇ. ಭದ್ರವಾಗಿ ಕಟ್ಟಿ ವೆಂಡಲ್‌ಗೆ ಕಳಿಸು. ಪಾಪ, ಚಿಕ್ಕವನಿದ್ದಾಗ ಅದರ ಮೇಲೆ ಎಷ್ಟು ಆಸೆ ಇತ್ತು ಅವನಿಗೆ” ಎಂದರು.

ನನಗೂ ಆಸೆಯಿತ್ತು, ವೆಂಡಲ್. ಅಪ್ಪ ನಿನ್ನನ್ನು ಆ ಇಂಜಿನ್ನಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದ ದಿನ, “ಹುಡುಗೀರಿಗೆ ಇದೆಲ್ಲ ಯಾಕೆ” ಎಂದು ನನ್ನನ್ನು ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಅಪ್ಪನನ್ನು ಕೇಳಬಹುದಿತ್ತು. ಕೇಳಿದರೆ ಕೊಡುತ್ತಿದ್ದರು ಕೂಡ. ಆದರೆ ನೀನು ಕೇಳದೆಯೇ ನಿನಗೆ ಸಿಕ್ಕಿತ್ತಲ್ಲ. ಅಪ್ಪನ ಎದುರಿಗೇ ಪೆಟ್ಟಿಗೆ ತಂದೆ. ಅವರು ಊಟಕ್ಕೆ ಹೋದಾಗ ಕೆಟ್ಟ ಕಾರು ಎಳೆಯುವ ಲಾರಿಯದೊಂದು ಸಾದಾ ಹಳದಿ ದೀಪ ತುಂಬಿ ಅಂಟು ಹಾಕಿದೆ. ಕೆಂಪು ದೀಪ ನನ್ನ ಹೊಲಿಗೆ ಕೋಣೆಯಲ್ಲಿ ಕಂಬಳಿಯಡಿ ಇದೆ. ಹೇಳಿಕೊಳ್ಳಲು ನಾಚಿಕೆ, ಆದರೆ ದಿನಾ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ತಿರುಗಿಸಿ ನೋಡುತ್ತೇನೆ. ಭಾನುವಾರ ಅಪ್ಪ ನಿನಗೆ ಫೋನ್ ಮಾಡುತ್ತಾರೆ. ಕೆಂಪು ದೀಪ ಸೇರಿತು ಎಂದು ಹೇಳು. ಜೀವನದಲ್ಲಿ ನಿನ್ನಿಂದ ನಾನು ಕೇಳಿದ್ದು ಇದೊಂದೇ.

ಕಾಲು ಜೋಪಾನ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಕ್ಕ,
ಲೊರೆಟ್ಟಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಇದನ್ನು ಬರೆಯಬೇಕಾಯಿತು. ಈಗಷ್ಟೇ ದೀಪ ತಿರುಗುತ್ತಿರುವಾಗಲೇ ಅಪ್ಪ ಕತ್ತರಿ ಕೇಳಿಕೊಂಡು ಒಳಗೆ ಬಂದರು. ಅವರು ದೀಪವನ್ನು ನೋಡಿದರು. ಆಮೇಲೆ, “ನಿನಗೂ ಇವು ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ. ಸಂತೆಗೆ ನನಗೋಸ್ಕರ ಬರ್ತೀಯ ಅಂದ್ಕೊಂಡಿದ್ದೆ” ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ನೀನು ಸುಳ್ಳು ಹೇಳುವುದು ಬೇಡ. ಆದರೆ ದೀಪ ಮಾತ್ರ ನಾನು ಕೊಡುವುದಿಲ್ಲ.