ಇಪ್ಪತ್ತೆರಡೋ ಹದಿನೇಳೋ

ಮೇಪಲ್ ಕ್ರೀಕ್, ಸಸ್ಕ್ಯಾಚವಾನ್
ಸೋಮವಾರ, ೧೦ ಮೇ ೨೦೦೪

ಪ್ರೀತಿಯ ಲೈಲ್,

ಹೇಗಿದ್ದೀಯ? ಗಣಿಯ ಧೂಳಿಗೆ ಹಿಡಿದಿದ್ದ ಆ ಕೆಮ್ಮು ಬಿಟ್ಟಿತೆ? ಅಲ್ಲಿ ಕೆರೆ ಇನ್ನೂ ಹೆಪ್ಪುಗಟ್ಟಿಯೇ ಇದೆ ಎಂದು ಬರೆದಿದ್ದೆ. ಉಣ್ಣೆಯ ಒಳಂಗಿಯನ್ನು ಇಷ್ಟು ಬೇಗ ಬಿಚ್ಚಿಟ್ಟು ಶೌರ್ಯ ತೋರಿಸಬೇಡ. ನಾನು ಚೆನ್ನಾಗಿದ್ದೇನೆ. ಇದುವರೆಗೆ ಹತ್ತೊಂಬತ್ತು ಕರು ಹುಟ್ಟಿವೆ. ಒಂದು ಮಾತ್ರ ಎದ್ದು ನಿಲ್ಲಲಾರದೆ ನಮ್ಮ ಅಡುಗೆಮನೆಯ ಒಲೆ ಪಕ್ಕದಲ್ಲಿದೆ, ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದೇನೆ. ಮಾವ ಅದಕ್ಕೆ ಮೇಯರ್ ಎಂದು ಹೆಸರಿಟ್ಟಿದ್ದಾರೆ. "ಕೆಲ್ಸ ಇಲ್ಲ, ಬೆಚ್ಚಗೆ ಬಿದ್ಕೊಂಡು ಕೂಗೋದೊಂದೇ" ಅನ್ನುತ್ತಾರೆ.

ಕೆಟ್ಟ ಸುದ್ದಿ ಏನೆಂದರೆ ನಮ್ಮ ಕುದುರೆ ಜೂನೋ ಕಾಲು ಉಳುಕಿಸಿಕೊಂಡಿದ್ದಾಳೆ. ಹಿಮ ಕರಗಿದ್ದೇ ತಡ, ಆ ನೆಲದಳಿಲು ಗೋಫರ್‌ಗಳು ದಕ್ಷಿಣದ ಹುಲ್ಲುಗಾವಲಲ್ಲಿ ಬಿಲ ತೋಡಿ ತೋಡಿ ಜರಡಿ ಮಾಡಿಬಿಟ್ಟಿವೆ. ಮುಂಗಾಲು ಬಿಲದೊಳಗೆ ಹೋಗಿ ಕುದುರೆ ಮುಗ್ಗರಿಸಿತು, ನಾನು ಅದರ ತಲೆಯ ಮೇಲಿಂದ ಹಾರಿ ಹುಲ್ಲಿಗೆ ಬಿದ್ದೆ. ನನಗೇನೂ ಆಗಿಲ್ಲ, ಹೆದರಬೇಡ. ಮೂಳೆ ಮುರಿದಿಲ್ಲ, ಆರು ವಾರ ಸವಾರಿ ಬೇಡ ಎಂದರು ಪಶುವೈದ್ಯರು. ಮಾವ ಆವತ್ತೇ ನಿನ್ನ ತಾತನ ಇಪ್ಪತ್ತೆರಡರ ರೈಫಲ್ಲನ್ನು ಬೀರುವಿನಿಂದ ತೆಗೆದು ಬೇಲಿ ಪಕ್ಕ ಮುಕ್ಕಾಲಿ ಹಾಕಿಕೊಂಡು ಕೂತರು. ನಾನು ನೀರಿನ ತೊಟ್ಟಿ ತೊಳೆಯುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಗುಂಡು ಕಲ್ಲಿಗೆ ತಾಗಿ, ಕೀಂಯ್ ಎಂದು ಕೂಗಿಕೊಂಡು ಬಂದು, ನನ್ನ ಮೊಣಕೈಯಿಂದ ಒಂದು ಗೇಣು ಆಚೆ ತೊಟ್ಟಿಗೆ ಹೊಡೆಯಿತು. ತಗಡಿನಲ್ಲಿ ತೂತು, ತೂತಿನಿಂದ ನೀರು. ನಾನು ಆ ನೀರನ್ನೇ ನೋಡುತ್ತ ನಿಂತಿದ್ದೆ. ಮಾವ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತೋಟಾ ತೆಗೆದು ರೈಫಲ್ ಖಾಲಿ ಮಾಡಿ ಒಳಗೆ ಹೋದರು.

ಅದಕ್ಕೇ ಬುಧವಾರ ಬೆವ್‌ಳ ಬಂದೂಕಿನ ಅಂಗಡಿಗೆ ಹೋದೆವು. ಚಳಿಗಾಲದಲ್ಲಿ ತರಬೇತಿ ಮುಗಿಸಿ ಪರವಾನಗಿ ಮಾಡಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡು, ಈಗ ಕೊಳ್ಳುವವಳು ನಾನೇ. ನಿನಗೆ ಬೆವ್ ಗೊತ್ತಲ್ಲ, ಗಿರಾಕಿಗೆ ಬೇಡವಾದದ್ದನ್ನು ಮಾರುವವಳಲ್ಲ, ಬಾಯಿ ಮುಚ್ಚುವವಳೂ ಅಲ್ಲ. "ಕಾಗದದ ಗುರಿಗಾದ್ರೆ ಇಪ್ಪತ್ತೆರಡೇ ಇರ್ಲಿ ಕಣೇ ಡಾರ್ಲಾ. ಸದ್ದು ಕಮ್ಮಿ, ತೋಟಾ ಅಗ್ಗ, ಭುಜ ನೋಯ್ದೆ ಇಡೀ ದಿನ ಹೊಡೀಬಹುದು. ಆದ್ರೆ ಅದು ಮೆತ್ತನೆ ಸೀಸದ ನಿಧಾನದ ಗುಂಡು, ಗಟ್ಟಿ ನೆಲಕ್ಕೆ ತಾಗಿದ್ರೆ ಇಡೀ ಗುಂಡೇ ಎಗರುತ್ತೆ. ಗೋಫರ್‌ಗೆ ಈ ಹೊಸ ಹದಿನೇಳರ ರೈಫಲ್ ನೋಡು. ಎರಡರಷ್ಟು ವೇಗ, ನೆಲ ಮುಟ್ಟಿದ್ರೆ ಪುಡಿಪುಡಿ" ಎಂದಳು. ಮಾವ ಆ ತೋಟಾವನ್ನು ಅಂಗೈಯಲ್ಲಿಟ್ಟು, "ಇದು ಗುಂಡಲ್ಲಮ್ಮ, ಗುಂಡುಸೂಜಿ! ನಮ್ಮ ಕಡೆ ಗಾಳಿಗೆ ಇದು ಪಕ್ಕದ ಪ್ರಾಂತ್ಯದಲ್ಲೇ ಬೀಳೋದು" ಅಂದರು. ಬೆವ್ ಸುಮ್ಮನಿರುತ್ತಾಳೆಯೇ? "ಎಮಿಲ್, ಗಾಳಿ ಜಾಸ್ತಿ ಇದ್ರೆ ಮನೇಲಿ ಕೂತು ಕಾಫಿ ಕುಡಿ. ಗೋಫರ್‌ಗಳೂ ಹಂಗೇ ಮಾಡ್ತವೆ." ಇಪ್ಪತ್ತೆರಡರಲ್ಲೇ ಜೋರಿನದೊಂದು ಮ್ಯಾಗ್ನಮ್ ತೋಟಾ ಇದೆಯಲ್ಲ, ಅದನ್ನೂ ಕೇಳಿದೆ. ಅದು ಕರುಗಳ ಸುತ್ತ ಸುಳಿಯುವ ಕಾಯೋಟಿ ತೋಳಕ್ಕೆ ಸರಿ, ಗೋಫರ್‌ಗೆ ಅಷ್ಟು ಬೇಡ, ಅದೂ ಎಗರುವ ಗುಂಡೇ ಎಂದಳು. ಹೊರಡುವಾಗ ನನ್ನ ತೋಳು ಹಿಡಿದು, "ಹದಿನೇಳು ಎಗರೋದು ಕಮ್ಮಿ ಅಂದೆ, ಎಗರೋದೇ ಇಲ್ಲ ಅನ್ಲಿಲ್ಲ. ಹಿಂದೆ ಏನಿದೆ ಅಂತ ನೋಡ್ದೆ ಹೊಡೆದೀಯಾ ಮತ್ತೆ" ಎಂದು ಗದರಿಸಿದಳು.

ಎರಡೂ ಇರಲಿ ಎಂದು ಹದಿನೇಳನ್ನು ಕೊಂಡೆ: ಗುರಿ ಅಭ್ಯಾಸಕ್ಕೆ ತಾತನ ಇಪ್ಪತ್ತೆರಡು, ಹುಲ್ಲುಗಾವಲಿಗೆ ಹದಿನೇಳು. ಶನಿವಾರ ಮಾವನನ್ನೂ ಕರೆದುಕೊಂಡು ಗುರಿ ಹೊಡೆಯುವ ಕ್ಲಬ್ಬಿಗೆ ಹೋಗಿ, ಐವತ್ತು ಮೀಟರಿನಲ್ಲಿ ಇಪ್ಪತ್ತೆರಡರಿಂದ ಐದು ಗುಂಡು ಹೊಡೆದೆ. ಐದೂ ಒಂದು ಕಾಫಿ ಬಟ್ಟಲಿನ ಬಾಯಷ್ಟು ಜಾಗದಲ್ಲಿ ಬಿದ್ದಿದ್ದವು. ನಗಬೇಡ, ನೀನು ಮೊದಲು ಹೊಡೆದ ಗುರಿಯ ಕಾಗದ ನಾನೂ ನೋಡಿದ್ದೇನೆ! ನಿನ್ನೆ ಬೆಳಿಗ್ಗೆ ಗಾಳಿ ಏಳುವ ಮೊದಲು, ದಿಬ್ಬದ ಮಣ್ಣು ಹಿಂದಿರುವ ಕಡೆಯಷ್ಟೇ ಕೂತು, ಹದಿನೇಳರಿಂದ ಹನ್ನೊಂದು ಗೋಫರ್ ಹೊಡೆದೆ. ಮೊದಲನೆಯದು ಉರುಳಿದಾಗ ರೈಫಲ್ ಪಕ್ಕಕ್ಕಿಟ್ಟುಬಿಟ್ಟೆ. ಆಮೇಲೆ ಜೂನೋ ಕುಂಟುವುದನ್ನು ನೆನೆದು ಕೆಲಸ ಮುಂದುವರಿಸಿದೆ. ಒಂದು ದಿಬ್ಬದ ಮೇಲೆ ನಿಂತಿದ್ದು ಮಾತ್ರ ಗೋಫರ್ ಅಲ್ಲ, ಬಿಲದ ಗೂಬೆ. ರೈಫಲ್ ಮೇಲಿನ ದೂರದರ್ಶಕದಲ್ಲಿ ಅದು ತಲೆ ತಿರುಗಿಸಿ ನನ್ನನ್ನೇ ನೋಡಿತು. ಆ ಮೂಲೆಯ ಕಡೆಗೆ ಇನ್ನು ಯಾರೂ ಹೊಡೆಯಬಾರದೆಂದು ಬೇಲಿಗೆ ಕೆಂಪು ಬಟ್ಟೆ ಕಟ್ಟಿ ಬಂದೆ.

ಹೊಟ್ಟೆ ತುಂಬ ಊಟ ಮಾಡು. ನಿನ್ನ ಕೋಣೆಯ ಗೆಳೆಯ ಡೆನಿಸ್‌ಗೆ ನನ್ನ ನೆನಪು ತಿಳಿಸು. ನಿನ್ನ ಗೊರಕೆಗೆ ನಾನು ಜವಾಬ್ದಾರಳಲ್ಲ ಎಂದೂ ಹೇಳು.

ಸದಾ ನಿನ್ನವಳು,
ಡಾರ್ಲಾ

ಮರೆತ ಮಾತು: ಮಾವ ಕೊಟ್ಟಿಗೆಯಲ್ಲಿದ್ದಾರೆ, ಬರುವುದರೊಳಗೆ ಬರೆದು ಮುಗಿಸಬೇಕು. ಶನಿವಾರ ಕ್ಲಬ್ಬಿನಲ್ಲಿ ನನ್ನ ಗುಂಡು ಎಲ್ಲಿ ಬಿತ್ತು ನೋಡಿ ಎಂದು ಅವರಿಗೆ ದುರ್ಬೀನು ಕೊಟ್ಟೆ. ಕಣ್ಣಿಟ್ಟು ನೋಡಿ, "ಮಧ್ಯಕ್ಕೇ ಬಿದ್ದಿದೆ ಕಣಮ್ಮ, ಭೇಷ್" ಅಂದರು. ದುರ್ಬೀನಿನ ಮುಚ್ಚಳ ತೆಗೆದೇ ಇರಲಿಲ್ಲ. ನಾನು ದುರ್ಬೀನನ್ನು ಹಾಗೇ ಇಸಿದುಕೊಂಡು ಚೀಲಕ್ಕೆ ಹಾಕಿದೆ. ಮನೆಗೆ ಬರುವ ದಾರಿಯಲ್ಲಿ ಅವರೇ ಕೇಳಿದರು: "ನೀನು ನೋಡ್ಬಿಟ್ಟೆ ಅಲ್ವಾ?" ಹೌದೆಂದೆ. ಬಲಗಣ್ಣಿನ ನಡುವೆ ಚಳಿಗಾಲದಿಂದ ಕಪ್ಪು ಮಚ್ಚೆ, ಈಗ ಎಡಗಣ್ಣಿಗೂ ಶುರುವಾಗಿದೆಯಂತೆ. ರೈಫಲ್ ಬೀರುವಿನ ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿ, "ಲೈಲ್‌ಗೆ ಬರೀಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ" ಅಂದರು. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಇಗೋ, ಬರೆದಿದ್ದೇನೆ. ಕಣ್ಣಿನ ಡಾಕ್ಟರು ಜೂನ್ ಹದಿನೇಳಕ್ಕೆ ಬರಹೇಳಿದ್ದಾರೆ. ಗಣಿಯವರು ಕೇಳಿರುವ ಆ ಹೆಚ್ಚುವರಿ ಆರು ವಾರದ ಕೆಲಸಕ್ಕೆ ಸಹಿ ಹಾಕಬೇಡ, ಲೈಲ್. ಡಾಕ್ಟರು ಏನೇ ಹೇಳಲಿ, ಅದನ್ನು ಕೇಳುವಾಗ ಅವರ ಪಕ್ಕದ ಕುರ್ಚಿಯಲ್ಲಿ ನೀನಿರಬೇಕು.