ಮೋರಿ ನೀರಿಗೆ ಸ್ವಚ್ಛತಾ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಔಷಧಿಗಳಿಗೆ ಅನುಮತಿ ನೀಡುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಶಶಿಕಲಾಳ ಬಲಗಾಲು ನಲವತ್ತು ದಿನಗಳಿಂದ ನಿಮ್ಮ ಮೇಜಿನ ಮೇಲೆ ಬಿದ್ದಿದೆ. ಗಾಬರಿಯಾಗಬೇಡಿ, ಕಡತದ ರೂಪದಲ್ಲಿ. ಬರುವ ಗುರುವಾರದೊಳಗೆ ನೀವು ಸಹಿ ಮಾಡದಿದ್ದರೆ ಆಸ್ಪತ್ರೆಯವರು ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ.

ತಪ್ಪು ನಮ್ಮದೂ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಆಂಟಿಬಯೋಟಿಕ್ ಎಂದರೆ ಕರಿಬೇವು ಇದ್ದಂತೆ, ಕಾಂಪೌಂಡಿನ ಮೇಲಿಂದಲೇ ಕೈ ಬದಲಾಗುತ್ತದೆ. ಐದು ದಿನದ ಮಾತ್ರೆಯಲ್ಲಿ ಎರಡನೇ ದಿನಕ್ಕೇ ಜ್ವರ ಬಿಟ್ಟರೆ ಉಳಿದದ್ದು ಬಿಸ್ಕತ್ತಿನ ಡಬ್ಬಿಗೆ. ಆ ಡಬ್ಬಿಯ ಯಜಮಾನ ನಾನು. "ದುಡ್ಡು ಕೊಟ್ಟು ತಂದಿದ್ದನ್ನ ಬಿಸಾಕ್ತಾರೇನೇ" ಎಂದು ಶಶಿಕಲಾಗೆ ಹೇಳಿ, ಎದುರು ಮನೆಯವರ ಗಂಟಲು ನೋವಿಗೂ ಹಂಚಿದ್ದೇನೆ. ಮೆಡಿಕಲ್ ಶಾಪಿನ ಕೊಟ್ರೇಶನಂತೂ ಡಾಕ್ಟರ ಚೀಟಿ ಕೇಳಿದವನೇ ಅಲ್ಲ, "ಸಾರ್, ಸ್ಟ್ರಾಂಗ್‌ದು ಕೊಡ್ಲಾ?" ಎನ್ನುತ್ತಿದ್ದ. ಆಗ ನಿಮ್ಮ ಕಚೇರಿ ಎಲ್ಲಿತ್ತು ಸ್ವಾಮಿ?

ಶಶಿಕಲಾ ಟೈಲರ್. ಸಕ್ಕರೆ ಕಾಯಿಲೆ ಬೇರೆ. ಅವಳ ಹಿಮ್ಮಡಿಯ ಹುಣ್ಣಿಗೂ ನನ್ನ ಡಬ್ಬಿಯಿಂದಲೇ ಚಿಕಿತ್ಸೆ ನಡೆಯಿತು. ಕೊನೆಗೆ ಲ್ಯಾಬಿನವರು ಹುಣ್ಣಿನ ಬ್ಯಾಕ್ಟೀರಿಯಾದ ಮೇಲೆ ಹದಿನಾಲ್ಕು ಔಷಧಿ ಪರೀಕ್ಷಿಸಿದರು. ಯಾವುದಕ್ಕೂ ಅದು ಜಗ್ಗಲಿಲ್ಲ. ಆಗ ಡಾಕ್ಟರ್ ಶಿವರಂಜನಿ ಹೇಳಿದರು: "ಬ್ಯಾಕ್ಟೀರಿಯಾನ ಕೊಲ್ಲೋ ವೈರಸ್‌ಗಳಿವೆ, ಫೇಜ್ ಅಂತಾರೆ. ನಮ್ಮ ಜೀವಕೋಶದ ತಂಟೆಗೆ ಬರಲ್ಲ. ಆದ್ರೆ ಇವರ ಬ್ಯಾಕ್ಟೀರಿಯಾಗೆ ಸರಿಹೊಂದೋದನ್ನೇ ಹುಡುಕ್ಬೇಕು." ಹುಡುಕಿದರು. ಸಿಕ್ಕಿದ್ದು ಬಾಪೂಜಿ ನಗರದಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ಮೋರಿಯಲ್ಲಿ. ಲ್ಯಾಬಿನ ತಟ್ಟೆಯಲ್ಲಿ ಒಂದೇ ದಿನಕ್ಕೆ ಬ್ಯಾಕ್ಟೀರಿಯಾ ಸಾಫ್. ಅದನ್ನೀಗ ಶುದ್ಧೀಕರಿಸಿ ಫ್ರಿಜ್ಜಿನಲ್ಲಿಟ್ಟಿದ್ದಾರೆ. ಗ್ಯಾರಂಟಿ ಅವರೂ ಕೊಟ್ಟಿಲ್ಲ, ಆದರೆ ಉಳಿದಿರುವ ದಾರಿ ಅದೊಂದೇ.

ಅದನ್ನು ಬಳಸಲು ಅನುಮತಿ ಕೇಳಿದ್ದಕ್ಕೆ ನಿಮ್ಮ ಪತ್ರ ಬಂತು: ನೀರಿನ ಮೂಲದ ಸ್ವಚ್ಛತಾ ಪ್ರಮಾಣಪತ್ರ ಲಗತ್ತಿಸಿ. ಮೋರಿಗೆ ಸ್ವಚ್ಛತಾ ಪ್ರಮಾಣಪತ್ರ ಕೊಡುವ ಪುಣ್ಯಾತ್ಮ ಯಾರು? ಬ್ಯಾಕ್ಟೀರಿಯಾ ಇದ್ದಲ್ಲೇ ಫೇಜ್ ಇರುವುದಂತೆ; ಅದು ಸ್ವಚ್ಛವಾಗಿದ್ದರೆ ನಮಗೆ ಬೇಕಾದ ಫೇಜ್ ಅಲ್ಲಿ ಏಕಿರುತ್ತಿತ್ತು? ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಬಾಟಲಿಯಲ್ಲಿರುವುದನ್ನು ಪರೀಕ್ಷಿಸಿ, ಮೋರಿಯನ್ನಲ್ಲ.

ನಿಮ್ಮ ಪತ್ರವನ್ನು ಶಶಿಕಲಾಗೆ ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೊಲಿಗೆ ಮಿಷನ್ನಿನ ಪೆಡಲ್ ನೋಡುತ್ತಾ, "ಮೋಟಾರ್ ಹಾಕಿಸ್ಕೊಳ್ಳೋಣ ಬಿಡ್ರೀ, ಎಡಗಾಲಲ್ಲೇ ಒತ್ತಬೋದಂತೆ" ಎಂದಳು. ನನಗೆ ಅಳು ಬಂತು.

ಗುರುವಾರದೊಳಗೆ ಸಹಿ ಮಾಡಿ. ಮೋರಿಯನ್ನು ನೋಡಲೇಬೇಕೆಂದರೆ ಬನ್ನಿ, ನಾನೇ ಕರೆದೊಯ್ದು ತೋರಿಸುತ್ತೇನೆ. ಹೊಲಿಗೆ ಮಿಷನ್ನಿಗೆ ಮೋಟಾರ್ ಹಾಕಿಸಲು ನಾನಿನ್ನೂ ಯಾರಿಗೂ ಹೇಳಿಲ್ಲ.

ಇಂತಿ,
ಡಬ್ಬಿ ಖಾಲಿ ಮಾಡಿ ಕೂತಿರುವ,
ವೆಂಕಟಸ್ವಾಮಿ, ಆರ್‌ಪಿಸಿ ಲೇಔಟ್